ಮುಟ್ಟಾದವರು ಬರುವುದು ಬೇಡ

ಕರಪತ್ರವನ್ನು ಬರೆದದ್ದು ನಾನು. ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಲು ನಮ್ಮ ಆಸ್ಪತ್ರೆ 2001ರ ಏಪ್ರಿಲ್‌ನಿಂದ ಹುಲ್ಲಹಳ್ಳಿಯಲ್ಲಿ ತಿಂಗಳಿಗೊಂದು ಶಿಬಿರ ನಡೆಸುತ್ತಿತ್ತು. ಡಾಕ್ಟರು ಮರದ ಕಡ್ಡಿಯಿಂದ ಗರ್ಭಕೋಶದ ಬಾಯನ್ನು ಮೆಲ್ಲಗೆ ಸವರಿ ಕೊಡುತ್ತಿದ್ದರು. ಅದನ್ನು ಗಾಜಿಗೆ ಬಳಿದು, ಮೈಸೂರಿಗೆ ಒಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ರಕ್ತ ಬೆರೆತಿದ್ದರೆ ಜೀವಕೋಶಗಳು ಸರಿಯಾಗಿ ಕಾಣುವುದಿಲ್ಲ. ಮೊದಲ ಶಿಬಿರದ ಮೂವತ್ತೆಂಟು ಗಾಜುಗಳಲ್ಲಿ ಒಂಬತ್ತು ಹೀಗೇ ಹಾಳಾದವು. ಆದ್ದರಿಂದ ಕರಪತ್ರಕ್ಕೆ ಒಂದು ಸಾಲು ಸೇರಿಸಿದೆ: ಮುಟ್ಟಾದವರು ಬರುವುದು ಬೇಡ, ಮುಂದಿನ ಶಿಬಿರಕ್ಕೆ ಬನ್ನಿ. ಎರಡನೆಯ ಶಿಬಿರದಲ್ಲಿ ಒಂದು ಗಾಜೂ ಹಾಳಾಗಲಿಲ್ಲ.

ಐದನೆಯ ಶಿಬಿರದ ದಿನ, ಆಗಸ್ಟ್‌ನಲ್ಲಿ, ಊರಿನ ನರ್ಸ್ ರೋಜಾ ಇಟ್ಟಿದ್ದ ಪಟ್ಟಿಯನ್ನು ನೋಡುತ್ತಿದ್ದೆ. ಕೆಂಪಾಜಮ್ಮ ಎಂಬ ಹೆಸರಿನ ಮುಂದೆ ಮೇ, ಜೂನ್, ಜುಲೈ ಮೂರು ಕಡೆಯೂ 'ಮುಟ್ಟು, ಬಂದಿಲ್ಲ' ಎಂದಿತ್ತು. ಅದೇ ಸಾಲಿನಲ್ಲಿ ವಯಸ್ಸು ಐವತ್ತನಾಲ್ಕು. ಮುಟ್ಟು ನಿಂತ ವರ್ಷ 1997. ಎಲ್ಲವೂ ರೋಜಾಳ ಕೈಬರಹವೇ.

"ಇದು ಹೇಗೆ ರೋಜಾ?"

ರೋಜಾ ಎರಡು ಕಡೆಗೂ ಬೆರಳಿಟ್ಟು ನೋಡಿದಳು. "ವಯಸ್ಸು, ವರ್ಷ ಎಲ್ಲ ಹೋದ್ ವರ್ಷದ ಸರ್ವೇದು ಮೇಡಂ. ಇದು ಅವರೇ ಏಳ್ಕಳ್ಸಿದ್ದು. ಇವತ್ತೂ ಏಳ್ಕಳ್ಸವ್ರೆ, ಒರಗಾಗಿದೀನಿ ಅಂತ." ಅಷ್ಟು ಹೇಳುವಷ್ಟರಲ್ಲಿ ಅವಳಿಗೂ ಹೊಳೆದಿತ್ತು.

ಊಟದ ಬಿಡುವಿನಲ್ಲಿ ಇಬ್ಬರೂ ಹೋದೆವು. ನಾಲೆಯ ಕಡೆಯ ಬೀದಿಯಲ್ಲಿ ಮನೆ. ಕೆಂಪಾಜಮ್ಮ ಜಗಲಿಯ ಮೂಲೆಯಲ್ಲಿ ಕೂತು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಪಕ್ಕದಲ್ಲಿ ಅವರದೇ ಬೇರೆ ತಟ್ಟೆ, ಬೇರೆ ಲೋಟ, ಸುತ್ತಿಟ್ಟ ಚಾಪೆ.

"ಒಸಿ ದೂರದಲ್ಲೇ ಕೂತ್ಕಳಿ ಕಣವ್ವ, ಒರಗಾಗಿವ್ನಿ" ಎಂದರು.

ಎದುರು ಜಗಲಿಯಿಂದ ನೆರೆಯ ಚಿಕ್ಕಬಸಮ್ಮ ಕೂಗಿದರು. "ಸೊಸೆಗಿಂತ ಅತ್ತೇನೇ ಎಳೇವ್ರಾಗವ್ರೆ ಕಣ್ರೀ ಮೇಡಂ! ನಾಮಕರಣಕ್ಕೆ ಕರೀರಿ ಅಂತ ಆಗ್ಲೇ ಏಳಿವ್ನಿ."

"ಬಾಯ್ಮುಚ್ಕೊಂಡ್ ಕೂತ್ಕೊ ನೀನು" ಎಂದರೂ ಕೆಂಪಾಜಮ್ಮನ ಮುಖದಲ್ಲಿ ಸಣ್ಣ ನಗೆ ಇತ್ತು.

"ಎಷ್ಟು ದಿನವಾಯಿತು?" ಎಂದೆ.

"ನಾಕ್ ದಿನ. ನಿಂತ್ರೆ ಎರಡ್ ದಿನ ನಿಲ್ತದೆ, ಮತ್ತೆ ಬತ್ತದೆ. ಯುಗಾದಿಯಿಂದ್ಲೂ ಇಂಗೇಯ. ನೀವು ಚೀಟೀಲಿ ಬರೆಸಿದ್ರಲ್ಲ, ಬರ್ಬೇಡಿ ಅಂತ. ನಮ್ ತೇಜು ಎರಡ್ ಸಲ ಓದೇಳದ್ಲು."

ಸೊಸೆ ತೇಜಸ್ವಿನಿ ಬಾಗಿಲಲ್ಲಿ ನಿಂತಿದ್ದಳು.

"ಇದು ಮುಟ್ಟಲ್ಲ" ಎಂದೆ. "ಮುಟ್ಟು ನಿಂತು ಒಂದು ವರ್ಷ ಕಳೆದಮೇಲೆ ರಕ್ತ ಕಂಡರೆ ಅದನ್ನ ಮುಟ್ಟು ಅನ್ನೋ ಹಾಗಿಲ್ಲ. ಯಾಕೆ ಅಂತ ನೋಡಲೇಬೇಕು. ಕೆಲವು ಸಲ ಕ್ಯಾನ್ಸರ್ ಇರುತ್ತೆ."

ಕೆಂಪಾಜಮ್ಮ ಕೈಲಿದ್ದ ಕಡ್ಡಿಯನ್ನು ಕೆಳಗಿಟ್ಟರು. "ಅಂಗಾರೆ ಯುಗಾದಿಯಿಂದ ನಾನು ಸುಮ್ಕೆ ಆಚೆ ಬಿದ್ಕಂಡಿದ್ನಾ?"

ಚಿಕ್ಕಬಸಮ್ಮ ನಗಲಿಲ್ಲ.

"ಈಗಲೇ ಬನ್ನಿ, ಡಾಕ್ಟರು ಇದಾರೆ."

"ಈ ಥರ ಇರೋವಾಗ ಅವರ್ ಮುಂದೆ ಮಲಗಾದಾ? ಆಗಕಿಲ್ಲ ಕಣವ್ವ. ನಿಂತ್ಮೇಲೆ ಬತ್ತೀನಿ."

"ನಿಲ್ಲಗಂಟ ಅಂತ ಕಾದೂ ಕಾದೂ ಐದ್ ತಿಂಗ್ಳಾಯ್ತು" ಎಂದಳು ರೋಜಾ.

ತೇಜಸ್ವಿನಿ ಜಗಲಿಗೆ ಬಂದು ಅತ್ತೆಯ ರಟ್ಟೆ ಹಿಡಿದಳು. "ಏಳಿ ಅತ್ತೆ."

"ಮುಟ್ಬುಟ್ಯಲ್ಲೇ! ಓಗು, ನೀರ್ ಉಯ್ಕೊ."

"ಬಂದ್ಮೇಲೆ ಉಯ್ಕತೀನಿ. ಮೊದ್ಲು ಏಳಿ ನೀವು."

ಶಿಬಿರದಲ್ಲಿ ಡಾಕ್ಟರು ಮರದ ಕಡ್ಡಿಯನ್ನು ಮುಟ್ಟಲೇ ಇಲ್ಲ. ದೀಪ ಹಿಡಿದು ನೋಡಿ, ಚಿಮಟದಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು ಸೀಸೆಗೆ ಹಾಕಿದರು. "ಇದಕ್ಕೆ ನಿಮ್ಮ ಗಾಜು ಬೇಡ" ಎಂದರು ನನಗೆ, ಇಂಗ್ಲಿಷಿನಲ್ಲಿ. ಗಾಜಿನ ಪರೀಕ್ಷೆ ಇರುವುದು ಯಾವ ತೊಂದರೆಯೂ ಇಲ್ಲದವರಿಗೆ. ಇದು ಕಾಲೇಜಿನಲ್ಲಿ ಓದುವಾಗಲೇ ನನಗೆ ಗೊತ್ತಿತ್ತು. ಕರಪತ್ರ ಬರೆಯುವಾಗ ನನ್ನ ಕಣ್ಣೆದುರು ಇದ್ದದ್ದು ಹಾಳಾದ ಒಂಬತ್ತು ಗಾಜುಗಳು. ರಕ್ತವೇ ರೋಗದ ಗುರುತಾಗಿರುವ ಹೆಂಗಸು ಅದನ್ನು ಓದಿದರೆ ಏನು ಮಾಡುತ್ತಾಳೆ ಎಂದು ಯೋಚಿಸಿರಲಿಲ್ಲ.

ಫಲಿತಾಂಶ ಹತ್ತು ದಿನಕ್ಕೆ ಬಂತು. ಕ್ಯಾನ್ಸರ್ ಗರ್ಭಕೋಶದ ಬಾಯಿ ದಾಟಿ ಒಂದು ಪಕ್ಕಕ್ಕೆ ಹರಡಿತ್ತು. ಶಸ್ತ್ರಚಿಕಿತ್ಸೆ ಮಾಡಬಹುದಾದ ಹಂತ ದಾಟಿಹೋಗಿತ್ತು, ಕಿರಣ ಚಿಕಿತ್ಸೆಯಿಂದ ಗುಣವಾಗುವ ಅವಕಾಶ ಇತ್ತು. ಮೇ ತಿಂಗಳಲ್ಲೇ ನೋಡಿದ್ದರೆ ಇಷ್ಟು ಹರಡಿರುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ.

"ಗೊತ್ತಿಲ್ಲ" ಎಂದರು. "ಯಾವುದನ್ನು ಹೇಳಿದರೂ ನಿಮ್ಮ ಸಮಾಧಾನಕ್ಕೆ ಹೇಳಿದ ಹಾಗಾಗುತ್ತೆ."

ಕರಪತ್ರವನ್ನು ಬದಲಿಸಿ ಮತ್ತೆ ಅಚ್ಚು ಹಾಕಿಸಿದೆವು.

ಕೆಂಪಾಜಮ್ಮ ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದು ದಿನವೂ ಚಿಕಿತ್ಸೆಗೆ ಬರುತ್ತಿದ್ದರು, ಒಟ್ಟು ಇಪ್ಪತ್ತೈದು ದಿನ. ಎರಡನೆಯ ವಾರದ ಕೊನೆಗೆ ರಕ್ತ ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಹದಿನಾಲ್ಕನೆಯ ದಿನ ತೇಜಸ್ವಿನಿ ಔಷಧಿ ತರಲು ಹೋಗಿದ್ದಾಗ ನಾನು ಅವರ ಪಕ್ಕದ ಬೆಂಚಿನಲ್ಲಿ ಕೂತಿದ್ದೆ.

"ಆ ಚೀಟಿ ಬರೆದದ್ದು ನಾನೇ" ಎಂದೆ.

"ಗೊತ್ತು. ರೋಜಾ ಏಳದ್ಲು."

"ಬೇಜಾರಾಗಿದೆಯಾ?"

"ಆಗದೆ ಕಣವ್ವ. ಇಲ್ಲ ಅಂತ ಯಾಕೇಳನ? ಓದ್ದೋರು ಬರ್ದಿರದು ಅಂತ ಒಂದ್ಸಲಾನೂ ಮೀರ್ದಂಗೆ ಕೂತಿದ್ದೆ." ಆಮೇಲೆ ಕೇಳಿದರು, "ಗುಣ ಆಯ್ತದಾ?"

"ಆಗಬಹುದು. ಎರಡು ವರ್ಷ ತಪ್ಪದೆ ಬಂದು ತೋರಿಸಬೇಕು. ಆಮೇಲೆ ಧೈರ್ಯವಾಗಿ ಹೇಳಬಹುದು."

ಒಳಗಿನಿಂದ ಅವರ ಹೆಸರು ಕೂಗಿದರು. ಕೆಂಪಾಜಮ್ಮ ಎದ್ದು ಸೆರಗು ಸರಿಮಾಡಿಕೊಂಡು, ಕೈಚೀಲವನ್ನು ನನ್ನ ಮಡಿಲಿಗೇ ಇಟ್ಟರು.

"ಇಡ್ಕಂಡಿರಿ. ಒಳಗೆ ಮಜ್ಜಿಗೆ ಅದೆ, ಓರೆ ಮಾಡ್ಬೇಡಿ."

ಬಾಗಿಲು ಮುಚ್ಚಿತು, ಅದರ ಮೇಲಿನ ಕೆಂಪು ದೀಪ ಹತ್ತಿತು. ನಾನು ಚೀಲವನ್ನು ನೆಟ್ಟಗೆ ಹಿಡಿದುಕೊಂಡು ಕೂತೆ.