ನೋವು ಹೋಯಿತು, ಮಂಡಿ ಇನ್ನೂ ಮಾಗಿಲ್ಲ

ಮೇಲೂರಿನ ಅಕ್ಕಯ್ಯಮ್ಮನಿಗೆ ಹುಳದ ಮನೆಯಲ್ಲಿ ಬುದ್ಧಿ ಹೇಳಲು ಬಂದವರು ಯಾರೂ ಗೆದ್ದು ಹೋಗಿಲ್ಲ. ರೇಷ್ಮೆ ಹುಳ ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪನ್ನು ಗಬಗಬನೆ ಮುಕ್ಕುತ್ತದೆ, ಮನೆಮಂದಿಗೆಲ್ಲ ಕೈತುಂಬ ಕೆಲಸ. ಅಂಥ ದಿನಗಳಲ್ಲೇ ಸೊಸೆ ಕವಿತಳ ಬಲ ಮಂಡಿ ಊದಿಕೊಂಡಿತು.

ಐದು ತಿಂಗಳ ಹಿಂದೆ ಸ್ಕೂಟರ್ ಜಾರಿ ಬಿದ್ದು ಕವಿತಳ ಅದೇ ಮಂಡಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿತ್ತು. ಆಪರೇಷನ್ ಮಾಡಿ ಹೊಸದು ಕೂರಿಸಿದ್ದರು. ಮೂರು ತಿಂಗಳಿಗೆ ನೋವು ಹೋಯಿತು. ಆಮೇಲೂ ಅವಳು ಗೋಡೆ ಹಿಡಿದು ವ್ಯಾಯಾಮ ಮಾಡುವುದನ್ನು ನೋಡಿ ಅಕ್ಕಯ್ಯಮ್ಮನಿಗೆ ರೇಗುತ್ತಿತ್ತು.

“ದಿನವೆಲ್ಲ ಮನೆಕೆಲಸ ಮಾಡೋಳಿಗೆ ಬೇರೆ ಎಕ್ಸರ್‌ಸೈಜ್ ಯಾಕೇ?” ಎಂದಿದ್ದಳು. ಕವಿತ ಬಿಟ್ಟೇಬಿಟ್ಟಳು. ಈಗ ನಾಲ್ಕು ದಿನದಿಂದ ಹುಳ ಸಾಕುವ ಸ್ಟ್ಯಾಂಡಿನ ಕೆಳಗಿನ ಅಂತಸ್ತಿಗೆ ಸೊಪ್ಪು ಹಾಕಲು ಕುಕ್ಕರಗಾಲಲ್ಲಿ ಕೂತು ಏಳುತ್ತಿದ್ದಳು.

ಗಂಡ ಮುರಳಿಮೋಹನ್ ಊದಿದ ಮಂಡಿ ನೋಡಿ ಗಾಬರಿಯಾಗಿ ಪಕ್ಕದ ಮನೆಯ ತನುಜಳನ್ನು ಕರೆತಂದ. ಅವಳು ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್.

“ನೋವೇನಿಲ್ಲ ತನುಜ, ಸ್ವಲ್ಪ ಬಿಗಿ ಅಷ್ಟೆ,” ಎಂದಳು ಕವಿತ.

“ಅದೇ ಮೋಸ ಅಕ್ಕ. ಮೂಳೆ ತುದೀಲಿ ನುಣ್ಣನೆ ಪದರ ಇರುತ್ತೆ, ಮೃದ್ವಸ್ಥಿ ಅಂತ. ಡಾಕ್ಟರು ಕಾರ್ಟಿಲೇಜ್ ಅಂತಾರೆ. ಅದಕ್ಕೆ ನರ ಇಲ್ಲ. ಸವೆಯೋಕೆ ಶುರುವಾದ್ರೂ ಎಷ್ಟೋ ಸಲ ನೋವೇ ಗೊತ್ತಾಗಲ್ಲ. ಮಂಡಿ ಊದಿದ್ರೆ, ಭಾರ ಜಾಸ್ತಿ ಆಯ್ತು ಅಂತ ಅರ್ಥ.”

ಅಕ್ಕಯ್ಯಮ್ಮ ಮೂಗು ಮುರಿದಳು. “ಆಪರೇಷನ್ ಆಯ್ತಲ್ಲಮ್ಮ, ಇನ್ನೇನು?”

“ದೊಡ್ಡಮ್ಮ, ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕ್ತೀರಾ?”

“ಥೂ! ಯಾರಾದ್ರೂ ಹಾಕ್ತಾರಾ? ಬೆಳೆನೇ ಕೆಟ್ಟೋಗ್ತದೆ.”

“ಮೇಲೆ ನೋಡಿದ್ರೆ ಸುಮ್ನೆ ಕೂತಂಗಿರ್ತವೆ. ಒಳಗೆ ಹೊಸ ಚರ್ಮ ಬರ್ತಿರುತ್ತೆ, ಅಲ್ವಾ? ಅಕ್ಕನ ಮಂಡಿನೂ ಅಂಗೇ. ಒಳಗಿನ ಹೊಸ ಲಿಗಮೆಂಟ್ ಗಟ್ಟಿಯಾಗೋಕೆ ಒಂಬತ್ತು ತಿಂಗಳಾದ್ರೂ ಬೇಕು ಅಂತ ಇವರ ಡಾಕ್ಟರೇ ಹೇಳಿದಾರೆ.”

“ಅಂಗಾದ್ರೆ ಮಂಚದ ಮೇಲೆ ಮಲಗ್ಸಿಬಿಡ್ತೀನಿ.”

“ಅದೂ ಬೇಡ!” ತನುಜ ನಕ್ಕಳು. “ಹದವಾಗಿ ಆಡಿಸಿದ್ರೇನೇ ಆ ಪದರಕ್ಕೆ ಪೋಷಣೆ. ತೊಡೆ ಸ್ನಾಯು ಗಟ್ಟಿ ಇದ್ರೆ ಭಾರ ಅದು ತಡ್ಕೊಳ್ಳುತ್ತೆ. ಪಾತ್ರೆ ತೊಳೆದ್ರೆ, ಕಸ ಗುಡಿಸಿದ್ರೆ ತೊಡೆಗೆ ಆ ಬಲ ಬರಲ್ಲ ದೊಡ್ಡಮ್ಮ. ತೂಕನೂ ಏರಬಾರದು. ಸವೆದ ಪದರ ಮತ್ತೆ ಮೊದಲಿನಂಗೆ ಬೆಳೆಯಲ್ಲ. ಈಗ ಅಸಡ್ಡೆ ಮಾಡಿದ್ರೆ ನಲವತ್ತೈದಕ್ಕೇ ಮಂಡಿ ಹಿಡ್ಕೊಂಡು ಕೂರಬೇಕಾಗ್ಬೋದು.”

ಎರಡೂ ಮಂಡಿ ಸವೆದು, ಬಚ್ಚಲಿಗೆ ಹೋಗಬೇಕಾದರೂ ಗೋಡೆ ತಡಕುವ ಹೆಂಗಸು ಅಕ್ಕಯ್ಯಮ್ಮ. ಕವಿತಳಿಗೆ ಇನ್ನೂ ಮೂವತ್ತೊಂದು. ಅಯ್ಯೋ ದೇವುಡಾ, ಎಕ್ಸರ್‌ಸೈಜ್ ಯಾಕೆ ಎಂಬ ಆ ಮಾತು ನನ್ನ ಬಾಯಲ್ಲೇ ಬರಬೇಕಿತ್ತೇ ಎಂದುಕೊಂಡು ಆಕೆ ಸೊಸೆಯ ಪಕ್ಕಕ್ಕೆ ಬಂದಳು.

“ತಪ್ಪು ನಂದೇ ಕಣಮ್ಮ ಕವಿತ,” ಎಂದಳು. “ಈ ಹುಳ ಹೋದ್ರೆ ಇನ್ನೊಂದು ಬೆಳೆ ಹಾಕ್ಬೋದು. ನಿನ್ನ ಮಂಡಿ ಹೋದ್ರೆ ಎಲ್ಲಿಂದ ತರ್ಲಿ? ಲೋ ಮುರಳಿ, ಕೆಳಗಿನ ಅಂತಸ್ತು ಇನ್ಮೇಲೆ ನಿಂದು. ನಾಳೆ ಇವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು.”

ಡಾಕ್ಟರು ನೋಡಿದರು. ಊತ ಇಳಿಯುವವರೆಗೆ ಕಾಲಿಗೆ ಬಿಡುವು, ಆಮೇಲೆ ಮೊದಲಿಂದ ವ್ಯಾಯಾಮ ಎಂದರು. ಊತ ಇಳಿದಿದೆ, ಈಗ ಬೆಳಿಗ್ಗೆ ವ್ಯಾಯಾಮದ ಅರ್ಧ ಗಂಟೆ ಕವಿತಳನ್ನು ಯಾರೂ ಕರೆಯುವಂತಿಲ್ಲ. ಮೊನ್ನೆ ಅದೇ ಬೀದಿಯ ಓಬಳಮ್ಮ ಬಂದು, “ಸೊಸೆ ಕಾಲೆತ್ತಿ ಕುಣೀತಾಳೆ, ಅತ್ತೆ ಮುಸುರೆ ತಿಕ್ತಾಳೆ!” ಎಂದು ಕಿಚಾಯಿಸಿದಳು. “ತಿಕ್ತೀನಿ, ನಿಂಗೇನೇ ಹೊಟ್ಟೆಉರಿ?” ಎಂದು ಅಕ್ಕಯ್ಯಮ್ಮ ಅವಳ ಬಾಯಿ ಮುಚ್ಚಿಸಿದಳು.

ನಿಮ್ಮ ಮನೆಯಲ್ಲೂ ಮಂಡಿಯ ಲಿಗಮೆಂಟ್ ಆಪರೇಷನ್ ಆದವರು ಇದ್ದಾರೆಯೇ? ನೋವಿಲ್ಲ ಎಂದು ವ್ಯಾಯಾಮ ಬಿಡಿಸಬೇಡಿ. ಕುಕ್ಕರಗಾಲಲ್ಲಿ ಕೂರುವುದು, ಓಡುವುದು, ಭಾರ ಹೊರುವುದು ಯಾವಾಗ ಶುರು ಮಾಡಬಹುದು ಎಂಬುದನ್ನು ಡಾಕ್ಟರನ್ನೇ ಕೇಳಿ. ಮಂಡಿ ಊದಿದರೆ ಅದೇ ವಾರ ತೋರಿಸಿ. ಇವತ್ತು ವ್ಯಾಯಾಮ ಆಯಿತಾ ಎಂದು ಅವರನ್ನು ದಿನಾ ಕೇಳಿ. ಪುರುಸೊತ್ತೇ ಆಗಲಿಲ್ಲ ಎಂದರೆ, ಅವರ ಕೈಯಲ್ಲಿರುವ ಪೊರಕೆಯನ್ನು ನೀವು ತೆಗೆದುಕೊಳ್ಳಿ.