ಮಿತ್ಸುಯೊಳ ತಟ್ಟೆ

ಫುಕಗಾವಾದ ಕಾಲುವೆ ಓಣಿಗೆ ಇಸೊಳ ಮಗಳು ಮಿತ್ಸುಯೊ ದೊಡ್ಡ ಧೀರೆ. ಯುದ್ಧದ ಕಾಲದಲ್ಲಿ ವಿಮಾನಗಳು ಬಾಂಬು ಸುರಿದು ಓಣಿ ಹೊತ್ತಿ ಉರಿದ ರಾತ್ರಿ ಅವಳು ಸೋಯಾ ಹಾಲಿನ ತೋಫು ಮಾರುವ ಜಿಂಬೆಯ ಕುರುಡು ತಾಯಿಯನ್ನು ಬೆನ್ನ ಮೇಲೆ ಹೊತ್ತು ಸೇತುವೆ ದಾಟಿಸಿದ್ದಳು. ಆಮೇಲಿನ ಹನ್ನೊಂದು ವರ್ಷಗಳಲ್ಲಿ, ಜನ ಹೇಳಿ ಹೇಳಿ, ಆ ಮುದುಕಿಯ ಜೊತೆಗೆ ಎರಡು ಕೂಸು, ಒಂದು ಹೊಲಿಗೆ ಯಂತ್ರವೂ ಮಿತ್ಸುಯೊಳ ಬೆನ್ನೇರಿದ್ದವು. ಮಡಕೆಯ ಬಾಯಿ ಮುಚ್ಚಬಹುದು, ಓಣಿಯ ಬಾಯಿ ಮುಚ್ಚಲಾದೀತೆ? ಇಸೊಗೆ ಮಾತ್ರ ಆ ಹೊಗಳಿಕೆ ಕೇಳಿದರೆ ಮೈ ಉರಿಯುತ್ತಿತ್ತು. ಬದುಕಿರುವವರನ್ನು ಯಾರೂ ಅಷ್ಟು ಹೊಗಳುವುದಿಲ್ಲ.

ಆ ರಾತ್ರಿಯ ಬಳಿಕ ಮಿತ್ಸುಯೊ ಮರಳಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ. ಹಾಗಾಗಿ ಇಸೊಳ ಪಾಲಿಗೆ ಮಗಳು ಎಲ್ಲೋ ದೂರ ಹೋಗಿದ್ದಳು, ಅಷ್ಟೇ. ದೂರ ಹೋದವರ ಹೆಸರಲ್ಲಿ ಮನೆಯಲ್ಲಿ ತಟ್ಟೆ ಇಡುವುದು ಅಲ್ಲಿನ ಪದ್ಧತಿ. ಅನ್ನ ಬಡಿಸಿ, ಸಾರಿನ ಬಟ್ಟಲಿಗೆ ಮುಚ್ಚಳ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಬೇಕು. ಮುಚ್ಚಳದ ಒಳಗೆ ಹನಿ ಕೂತಿದ್ದರೆ ಹೋದವರು ಕ್ಷೇಮ. ಮಿತ್ಸುಯೊಳ ಬಟ್ಟಲ ಮುಚ್ಚಳದಲ್ಲಿ ಒಂದು ದಿನವೂ ಹನಿ ತಪ್ಪಿರಲಿಲ್ಲ.

ಹನ್ನೊಂದನೆಯ ವರ್ಷದ ವಸಂತದಲ್ಲಿ ಸೇತುವೆಯ ಬಳಿ ಸತ್ತವರಿಗಾಗಿ ಕಲ್ಲು ನಿಲ್ಲಿಸಲು ಓಣಿಯವರು ಹೊರಟರು. ಇಸೊಳ ಒಪ್ಪಿಗೆ ಕೇಳಲು ಒಂದು ಬೆಳಿಗ್ಗೆ ಜಿಂಬೆ ಬಂದ.

“ಇಸೊ ಅಕ್ಕಾ, ಮಿತ್ಸುಯೊ ಹೆಸರೇ ಮೊದ್ಲು ಕೆತ್ತಿಸ್ಬೇಕು ಅಂತಾರೆ ಎಲ್ರೂ.”

“ಬದುಕಿರೋಳ ಹೆಸರು ಕಲ್ಲಿಗ್ಯಾಕೋ? ನಿನ್ನ ತೋಫು ತಿಂದು ಸತ್ತೋರ ಹೆಸರು ಕೆತ್ಸು, ಹೋಗು.” ಅವಳು ಬಟ್ಟಲ ಮುಚ್ಚಳ ತೆಗೆದು ಅವನ ಮುಖಕ್ಕೆ ಹಿಡಿದಳು. “ನೋಡು.”

“ಬಿಸಿ ಸಾರಿನ ಮುಚ್ಚಳ ಬೆವರದೆ ಇರುತ್ತಾ, ಅಕ್ಕಾ?”

“ಗೊತ್ತು ಕಣೋ. ನಾನೇನು ದಡ್ಡಿನಾ? ಅದಕ್ಕೇ ಕುದಿಯೋದನ್ನೇ ಬಡಿಸ್ತೀನಿ.”

ಬೇರೆ ದಿನವಾಗಿದ್ದರೆ ಜಿಂಬೆ ಸುಮ್ಮನೆ ಎದ್ದು ಹೋಗುತ್ತಿದ್ದ. ಅವತ್ತು ಹೊಸ್ತಿಲಲ್ಲೇ ಕುಕ್ಕರಿಸಿದ.

“ಆ ರಾತ್ರಿ ನಮ್ಮಮ್ಮನ್ನ ನನ್ನ ಕೈಗೆ ಕೊಟ್ಟು ಮಿತ್ಸುಯೊ ವಾಪಸ್ ಓಡಿದ್ಲು, ಅಕ್ಕಾ. ಬೇಡ ಬೇಡ ಅಂದೆ. ಸೇತುವೆ ಆಚೆ ಉರೀತಿದ್ದ ಮನೆ ಅವಳ ಮೇಲೇ ಬಿತ್ತು. ಕಣ್ಣಾರೆ ಕಂಡೆ. ನೀವು ದಿನಾ ಅವಳ ಪಾಲಿಗೂ ಸೇರಿಸಿ ತೋಫು ತಗೋತಿದ್ರಿ. ಹೇಗೆ ಹೇಳ್ಲಿ?”

ಇಸೊ ಮುಚ್ಚಳ ಹಿಡಿದೇ ಕೂತಿದ್ದಳು. “ವಾಪಸ್ ಯಾಕೆ ಹೋದ್ಲು?”

ಜಿಂಬೆ ಎದ್ದು ಹೊರಡಲು ನೋಡಿದ.

“ಹೇಳೋ.”

“‘ನಮ್ಮಮ್ಮ ಒಳಗೇ ಇದಾಳೆ’ ಅಂದ್ಲು.”

“ನಾನು ಆಗ್ಲೇ ತಪ್ಪಿಸ್ಕೊಂಡು ಶಾಲೆ ಹತ್ರ ಇದ್ನಲ್ಲೋ.”

“ಅವಳಿಗೆ ಗೊತ್ತಿರ್ಲಿಲ್ಲ, ಅಕ್ಕಾ.”

 ಇಸೊಗೆ ಅಳು ಬರಲಿಲ್ಲ. ಸಾರು ಆರಿ ಕೆನೆಗಟ್ಟಿತು. ಅವಳು ಮುಚ್ಚಳವನ್ನು ಕೆಳಗಿಟ್ಟು, “ಕೆತ್ಸು,” ಎಂದಳು.

“ವಯಸ್ಸೂ ಹಾಕ್ತಾರೆ, ಅಕ್ಕಾ. ಎಷ್ಟು ಅಂತ ಹೇಳ್ಲಿ?”

“ಮೂವತ್ತು,” ಎಂದಳು ಇಸೊ, ದಿನವೂ ಲೆಕ್ಕ ಇಟ್ಟವಳ ಹಾಗೆ ತಕ್ಷಣ. ಮರುಗಳಿಗೆಯೇ, “ಅಲ್ಲ, ಅಲ್ಲ. ಹತ್ತೊಂಬತ್ತು,” ಎಂದು ಬಿಕ್ಕತೊಡಗಿದಳು.