ತಾತ್ಕಾಲಿಕ ಪ್ರೊಫೈಲ್

ಎದುರು ಬಾಲ್ಕನಿಯಲ್ಲಿ ಯಾರೋ ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಾರೆ, ಸಿಪ್ಪೆ ಕರಕಲಾಗುವ ವಾಸನೆ, ಈ ಸಲ ಸ್ತೆಫ್ಕಾ ಚಳಿಗಾಲಕ್ಕೆಂದು ಒಂದು ಸೀಸೆಯನ್ನೂ ತುಂಬಿಸಿಡಲಿಲ್ಲ, ಹೊಲಿಗೆ ಕಾರ್ಖಾನೆ ಮುಚ್ಚಿದಂದಿನಿಂದ ಬರೀ ಈ ಕಂಪ್ಯೂಟರ್ ಕೋರ್ಸು, ನಾಳೆ ಪರೀಕ್ಷೆ, ಇವತ್ತು ಅಪ್ಪನ ಗಂಟಲಿನ ಆಪರೇಷನ್ನು, ನಾನೂ ಆಸ್ಪತ್ರೆಗೆ ಬರ್ತೀನಪ್ಪಾ ಅಂದರೆ, ಕೊನೇ ಕ್ಲಾಸು ತಪ್ಪಿಸ್ಬೇಡ, ನಂಜೊತೆ ಮೊಮ್ಮಗಳಿರ್ತಾಳೆ, ನೀನು ಬಂದು ಅಳೋದನ್ನ ನೋಡೋಕೆ ನಂಗೆ ಪುರುಸೊತ್ತಿಲ್ಲ ಅಂದಿದ್ದ — ಡ್ಯಾನ್ಯೂಬ್ ನದಿಯ ದೋಣಿಗಳಿಂದ ಆ ದಡಕ್ಕೆ ಕೇಳುವಂತೆ ಕೂಗಿ ಕೂಗಿ ಒರಟಾದ ದನಿ, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ, ಆಮೇಲೆ ಮಾತಿಲ್ಲ — ಅದನ್ನು ಈಗ ಯೋಚಿಸಬಾರದು, ಕ್ಲಾಸು ಮುಗಿಸಿ ಮನೆಗೆ ಬಂದಾಯ್ತು, ಪರದೆ ನೋಡಬೇಕು, ಮಗಳು ರಲಿಟ್ಸಾ ಬೆಳಿಗ್ಗೆ ತೆರೆದಿಟ್ಟುಹೋದ ಖಾತೆಯ ಪರದೆ ಬೋಳಾಗಿದೆ, ಅವಳ ಚಿತ್ರವಿಲ್ಲ, ಕಡತಗಳಿಲ್ಲ, ಅಯ್ಯೋ ನಿನ್ನೆ ನಾನೇ, ಅಭ್ಯಾಸಕ್ಕೆಂದು ಅವಳ ಫೋಲ್ಡರಿನ ಅನುಮತಿಗಳನ್ನು ತೆರೆದು ನಿರಾಕರಣೆಯ ಕಡೆ ಗುರುತು ಹಾಕಿದೆ, ಅಷ್ಟರಲ್ಲಿ ಅಪ್ಪ ಚಪ್ಪಲಿ ಎಲ್ಲಿ ಅಂತ ಕೂಗಿದ, ಗುರುತು ಹಾಗೇ ಉಳಿಯಿತು, ತನ್ನ ಜಾಗಕ್ಕೆ ತಾನೇ ಹೋಗಲಾಗದ ಮಗಳನ್ನು ಕಂಪ್ಯೂಟರು ಒಂದು ತಾತ್ಕಾಲಿಕ ಪ್ರೊಫೈಲಿನಲ್ಲಿ ಕೂರಿಸಿದೆ. ಇರಲಿ, ಗೊತ್ತು, ಪುಸ್ತಕದಲ್ಲಿದೆ, ಸ್ತೆಫ್ಕಾ ತನ್ನ ಖಾತೆಗೆ ಹೋಗುತ್ತಾಳೆ, ಗುರುತು ತೆಗೆಯುತ್ತಾಳೆ, ಒಡೆತನ ಸರಿಯಿದೆಯೇ ನೋಡುತ್ತಾಳೆ, ಮಗಳ ಖಾತೆಯಿಂದ ಹೊರಬಂದು ಮತ್ತೆ ಒಳಗೆ — ಬಂತು, ಎಲ್ಲ ಬಂತು, ಅವಳ ಗಾಯನ ತಂಡದ ಚಿತ್ರ, ಹಾಡುಗಳು, ಪರೀಕ್ಷೆಯನ್ನು ಈಗಲೇ ಕೊಡಲಿ ಬೇಕಾದರೆ, ಹೊಲಿಯೋ ಕೈಗೆ ಇದೆಲ್ಲ ಬರುತ್ತಾ ಅಂದಿದ್ದ ಮೇಷ್ಟ್ರು ಬಂದು ನೋಡಲಿ.

ಫೋನು. ಅಮ್ಮಾ, ತಾತನ್ನ ಈಗ್ತಾನೆ ಒಳಗೆ ಕರ್ಕೊಂಡ್ಹೋದ್ರು. ರಲಿಟ್ಸಾಳ ದನಿ ಸಣ್ಣದಾಗಿದೆ. ಡಾಕ್ಟ್ರು ಪೆನ್ನಲ್ಲಿ ಕತ್ತಿನ ಮೇಲೆ ಗೆರೆ ಎಳೆದ್ರಮ್ಮ, ನೀಲಿ ಗೆರೆ, ಕಚಗುಳಿ ಆಗುತ್ತೆ ಅಂತ ತಾತ ನಕ್ಕ. ಮತ್ತೆ ಅಮ್ಮ, ಬೆಳಿಗ್ಗೆ ಹೊರಡೋಕೆ ಮುಂಚೆ ನನ್ನ ಮೈಕಲ್ಲಿ ತಾತ ಮಾತಾಡಿದಾನೆ, ನಿಂಗೆ ಅಂತ, ನನ್ನೇ ಆಚೆ ಕಳಿಸಿಬಿಟ್ಟ, ಏನ್ ಹೇಳಿದ್ನೋ ಗೊತ್ತಿಲ್ಲ, ಕಂಪ್ಯೂಟರ್ ಅದೇನೋ ಒಂಥರಾ ಆಡ್ತಿತ್ತು, ಆದ್ರೂ ಸಂಗೀತದ ಫೋಲ್ಡರಲ್ಲಿ ಉಳಿಸಿದೀನಿ, ಕೇಳು.

ಸಂಗೀತದ ಫೋಲ್ಡರಿನಲ್ಲಿ ಹಳೆಯ ಹಾಡುಗಳಿವೆ, ಬೆಳಗಿನದೇನೂ ಇಲ್ಲ, ಇರುವುದಿಲ್ಲ, ತಾತ್ಕಾಲಿಕ ಪ್ರೊಫೈಲಿನಿಂದ ಹೊರಬಂದ ಕೂಡಲೇ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಇವತ್ತು ಕ್ಲಾಸಿನಲ್ಲಿ ಕೈಯೆತ್ತಿ ಈ ಉತ್ತರ ಹೇಳಿದವಳು ಸ್ತೆಫ್ಕಾಳೇ, ಬಾಯಿಪಾಠ, ಬಾಯಿಗಷ್ಟೇ, ಹೊರಬರುವ ಮುಂಚೆ ಒಂದು ಸಲ ಒಳಗೆ ನೋಡಬಾರದಿತ್ತೇ, ಏನು ಹೇಳಿದ್ದ ಅಪ್ಪ, ಬೈದಿದ್ದನೋ, ಅವಳಮ್ಮನ ಬಗ್ಗೆಯೋ, ಅಳಬೇಡ ಅಂತಲೋ, ಮುಖಕ್ಕೆ ಮುಖ ಕೊಟ್ಟು ಹೇಳಲಾಗದ್ದು ಏನಿತ್ತು — ಅಳಿಸಿದ್ದು ಒಮ್ಮೆಲೇ ಪೂರ್ತಿ ಹೋಗಿರುವುದಿಲ್ಲ, ಡಿಸ್ಕಿನ ಮೇಲೆ ಹೊಸದೇನೂ ಬರೆಯಬಾರದು, ಬರೆದರೆ ಉಳಿದ ಚೂರೂ ಹೋಗುತ್ತದೆ, ಅವಳು ಮೇಜಿನ ಕೆಳಗೆ ತೂರಿ ಪ್ಲಗ್ಗನ್ನು ಗೋಡೆಯಿಂದ ಕಿತ್ತಳು, ಫ್ಯಾನು ನಿಂತಿತು, ಮೇಷ್ಟ್ರಿಗೆ ಕೊಟ್ಟರೆ ಕೆದಕಿ ತೆಗೆಯಬಹುದು, ತೆಗೆಯಲಾಗದೆಯೂ ಇರಬಹುದು, ಅಪ್ಪನನ್ನು ಕೇಳೋಣವೆಂದರೆ — ಕತ್ತಿನ ಮೇಲೆ ಗೆರೆ. ಫೋನಿನಲ್ಲಿ ಇನ್ನೂ ರಲಿಟ್ಸಾ, ಕೇಳಿದೆಯಾಮ್ಮ, ಏನಂದ ತಾತ, ಅಮ್ಮಾ. ಧೂಳಿನಲ್ಲಿ ಮಂಡಿಯೂರಿ, ಕೈಯಲ್ಲಿ ವೈರು, ಇಷ್ಟು ಹೊತ್ತಿಗೆ ಅಲ್ಲಿ ಕತ್ತರಿಸಲು — ಅಪ್ಪನ ಬೆಳ್ಳಗಿನ ಕತ್ತು, ಬೆಳಿಗ್ಗೆ ಅವನೇ ನುಣ್ಣಗೆ ಕ್ಷೌರ ಮಾಡಿಕೊಂಡದ್ದು, ಅದರ ಮೇಲೆ ಈ ಕಿವಿಯ ಬುಡದಿಂದ ಆ ಕಿವಿಯ ಬುಡಕ್ಕೆ ನೀಲಿ ಗೆರೆ, ನೀಲಿ ಗೆರೆ